ಪೆಟ್ಟಿಗೆಯೂ ಬೆವರುತ್ತದೆ

(ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಆಡಿದ ಮಾತು)



ದನಕ್ಕೆ ಹುಲ್ಲು ಹಾಕಿ, ಮಕ್ಕಳಿಗೆ ಊಟ ಬಡಿಸಿ, ಇಷ್ಟು ಹೊತ್ತಿಗೆ ಬಂದಿದ್ದೀರಿ. ಇವತ್ತು ಬರೆಯುವ ಪಾಠ ಇಲ್ಲ. ಸ್ಲೇಟು ಪಕ್ಕಕ್ಕಿಡಿ. ಒಂದು ಮಾತು ಇದೆ, ಕೇಳಿ.

ಊರಿನ ಪಂಪ್‌ಮನೆಯಲ್ಲಿ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಹೊಡೆದಿರುತ್ತಾರೆ. ಹಸಿರು ಗುಂಡಿ, ಕೆಂಪು ಗುಂಡಿ ಇರುತ್ತವೆ. ಹಸಿರು ಒತ್ತಿದರೆ ಮೋಟಾರು ಓಡುತ್ತದೆ. ಕೆಂಪು ಒತ್ತಿದರೆ ನಿಲ್ಲುತ್ತದೆ. ಅದನ್ನು ಸ್ಟಾರ್ಟರ್ ಪೆಟ್ಟಿಗೆ ಅನ್ನುತ್ತೇವೆ. ಇವತ್ತಿನ ಮಾತು ಆ ಪೆಟ್ಟಿಗೆಯದು.

"ಕರೆಂಟಿನ ವಿಷಯ ಗಂಡಸರದು. ನಮಗ್ಯಾಕೆ ಟೀಚರಮ್ಮ?" ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಮೋಟಾರು ನಿಂತರೆ ಬಿಂದಿಗೆ ಹೊರುವವರು ಯಾರು? ನಾವು ತಾನೇ? ಹಾಗಾದರೆ ಮೋಟಾರು ಯಾಕೆ ನಿಂತಿತು ಅಂತ ತಿಳಿಯುವ ಹಕ್ಕೂ ನಮ್ಮದೇ.

ನಾಲ್ಕು ದಿನ ನೀರಿಲ್ಲ

ನಾನು ಇರುವ ಊರಿನಲ್ಲಿ ನಡೆದದ್ದು ಹೇಳ್ತೀನಿ.

ಬೇಸಿಗೆ ಕಾಲ. ಪಂಪ್‌ಮನೆಗೆ ತಗಡಿನ ಸೂರು. ಮಧ್ಯಾಹ್ನ ಒಳಗೆ ಕಾಲಿಟ್ಟರೆ ಒಲೆಯ ಮುಂದೆ ನಿಂತ ಹಾಗೆ. ನೀರುಗಂಟಿ ಹುಡುಗ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ "ಅಯ್ಯೋ, ಕಾದ ಹೆಂಚಿನ ಥರ ಸುಡ್ತದೆ" ಅಂದ. ಗಾಳಿ ಆಡಲಿ ಅಂತ ಅದರ ಬಾಗಿಲು ತೆರೆದೇ ಬಿಟ್ಟ.

ಪಕ್ಕದ ಮನೆಯ ಅಜ್ಜಿ ಇದನ್ನು ನೋಡಿದರು. ಒಳ್ಳೆಯ ಮನಸ್ಸು. ಬೇಸಿಗೆಯಲ್ಲಿ ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ತಂಪು ಮಾಡುವುದು ಅವರಿಗೆ ಗೊತ್ತು. "ತಡಿ ಮಗ, ನಾನು ತಂಪು ಮಾಡ್ತೀನಿ" ಅಂದರು. ಗೋಣಿತಾಟು ನೆನೆಸಿ ತಂದು ಪೆಟ್ಟಿಗೆಯ ತಲೆಯ ಮೇಲೆ ಹೊದಿಸಿದರು.

ಎರಡು ದಿನ ಹಾಗೇ ನಡೆಯಿತು. ಮೂರನೇ ದಿನ ಅಜ್ಜಿ ಗೋಣಿತಾಟಿಗೆ ಮತ್ತೆ ನೀರು ಚಿಮುಕಿಸಲು ಹೋದರು. ಕೈ ಜುಮ್ಮೆಂದಿತು. ಹಿಂದಕ್ಕೆ ಬಿದ್ದರು. ಬಿದ್ದದ್ದು ಒಣ ಮಣ್ಣಿನ ಮೇಲೆ. ಪುಣ್ಯ, ಜೀವ ಉಳಿಯಿತು.

ಆ ರಾತ್ರಿ ಮೋಟಾರು ಗುಂಯ್ ಎಂದು ಬೇರೆ ಥರ ಸದ್ದು ಮಾಡಿತು. ಸುಟ್ಟ ವಾಸನೆ ಬಂತು. ನಿಂತುಹೋಯಿತು. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆಲ್ಲ ತೇವ. ತಾಮ್ರದ ತುಂಡುಗಳಿಗೆ ಹಸಿರು ಕಿಲುಬು. ಮೋಟಾರು ಸುತ್ತಿಸಿ ತರುವಷ್ಟರಲ್ಲಿ ನಾಲ್ಕು ದಿನ ಆಯಿತು. ನಾಲ್ಕು ದಿನ ಹೆಂಗಸರು ತೋಟದ ಬಾವಿಗೆ ಹೋದರು. ಬಿಂದಿಗೆ ಹಿಡಿದು ಸಾಲು ನಿಂತರು. ನನ್ನ ಶಾಲೆಯಲ್ಲಿ ಆ ನಾಲ್ಕು ದಿನ ಹೆಣ್ಣುಮಕ್ಕಳ ಜಾಗ ಖಾಲಿ ಇತ್ತು. ಹುಡುಗರು ಮಾತ್ರ ಬಂದಿದ್ದರು.

ಅಜ್ಜಿ ಇಂದಿಗೂ "ನನ್ನಿಂದ ಆಯ್ತು ಕಣವ್ವ" ಅಂತ ಕೊರಗುತ್ತಾರೆ. ನಾನು ಹೇಳುವುದು ಇಷ್ಟೇ. ತಪ್ಪು ಅಜ್ಜಿಯದಲ್ಲ. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದೆ ಇದ್ದವರಲ್ಲಿ ನಾನೂ ಒಬ್ಬಳು. ಅದಕ್ಕೇ ಇವತ್ತು ಹೇಳ್ತಿದ್ದೀನಿ.

ಚೊಂಬಿನ ಬೆವರು

ಮಡಕೆಗೆ ಒದ್ದೆ ಬಟ್ಟೆ ಒಳ್ಳೆಯದು. ಪೆಟ್ಟಿಗೆಗೆ ಯಾಕೆ ಕೆಟ್ಟದ್ದು? ಗೋಣಿತಾಟಿನ ನೀರು ತೊಟ್ಟಿಕ್ಕಿ ಒಳಗೆ ಹೋಯಿತು. ಇದು ಕಣ್ಣಿಗೆ ಕಾಣುವ ಕಾರಣ. ಕಣ್ಣಿಗೆ ಕಾಣದ ಕಾರಣ ಇನ್ನೊಂದಿದೆ.

ಒಂದು ಸ್ಟೀಲ್ ಚೊಂಬು ತನ್ನಿ. ಒಳಗೆ ಐಸು ಹಾಕಿದ ನೀರು ತುಂಬಿ. ಸ್ವಲ್ಪ ಹೊತ್ತು ಬಿಡಿ. ಚೊಂಬಿನ ಹೊರಗೆ ಹನಿ ಹನಿ ನೀರು ಕೂರುತ್ತದೆ. ಚೊಂಬು ತೂತಾಗಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು?

ಗಾಳಿಯಿಂದ ಬಂತು. ಗಾಳಿಯಲ್ಲಿ ಯಾವಾಗಲೂ ನೀರಿನ ಆವಿ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬಿಸಿ ಗಾಳಿ ಹೆಚ್ಚು ಆವಿ ಹಿಡಿದುಕೊಳ್ಳುತ್ತದೆ. ತಣ್ಣನೆ ಗಾಳಿಗೆ ಅಷ್ಟು ಶಕ್ತಿ ಇಲ್ಲ. ಗಾಳಿ ತಣ್ಣಗಾದರೆ ಹೆಚ್ಚಾದ ಆವಿಯನ್ನು ನೀರಾಗಿ ಕೆಳಗೆ ಹಾಕಿಬಿಡುತ್ತದೆ.

ಲೆಕ್ಕ ನೋಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಜಾಗ. ಅಲ್ಲಿರುವ ಗಾಳಿ 30 ಡಿಗ್ರಿ ಬಿಸಿ ಇದ್ದರೆ ಸುಮಾರು 30 ಗ್ರಾಂ ನೀರಿನ ಆವಿ ಹಿಡಿಯಬಲ್ಲದು. ಅದೇ ಗಾಳಿ 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಕಳೆಯಿರಿ. ಎಷ್ಟು ಉಳಿಯಿತು? 13 ಗ್ರಾಂ. ಅದು ಹನಿಯಾಗಿ ಬೀಳುತ್ತದೆ. ಹತ್ತಿರ ಹತ್ತಿರ ಒಂದು ದೊಡ್ಡ ಚಮಚ ನೀರು. ಕರೆಂಟು ಇರುವ ಕಡೆ ಒಂದು ಚಮಚ ನೀರು ಕಡಿಮೆಯೇನಲ್ಲ.

ಇದು ನಿಮಗೆ ಹೊಸ ವಿಷಯವೇ? ಅಲ್ಲ. ಬಿಸಿ ಇಡ್ಲಿ ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ನೀರು ನಿಲ್ಲುತ್ತದೆ. ಬಿಸಿಲಲ್ಲಿ ಒಣಗಿಸಿದ ರಾಗಿಯನ್ನು ನೀವು ಆರಿಸದೆ ತುಂಬುವುದಿಲ್ಲ. ಬಿಸಿಯಾಗಿಯೇ ತುಂಬಿದರೆ ಬೆವರಿ ಮುಗ್ಗುಲು ಹಿಡಿಯುತ್ತದೆ. ನಿಮಗೆ ಗೊತ್ತಿರುವ ಈ ವಿದ್ಯೆಯೇ ಪೆಟ್ಟಿಗೆಗೂ ಸಾಕು.

ಸ್ಟಾರ್ಟರ್ ಪೆಟ್ಟಿಗೆ ಹಗಲು ಕಾಯುತ್ತದೆ. ಒಳಗಿನ ಗಾಳಿ ಹಿಗ್ಗಿ ಸಂದಿಗಳಿಂದ ಹೊರಗೆ ಹೋಗುತ್ತದೆ. ರಾತ್ರಿ ಮೋಟಾರು ನಿಂತರೆ ಪೆಟ್ಟಿಗೆ ಆರುತ್ತದೆ. ಆಗ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ತಗಡು ತಣ್ಣಗಾಗುತ್ತದೆ. ಆ ಗಾಳಿ ಒಳಗೇ ಬೆವರುತ್ತದೆ. ನಮ್ಮದು ಹೊಳೆ ಸೀಮೆ. ಗದ್ದೆ, ನಾಲೆ ಎಲ್ಲ ಕಡೆ. ನಂಜನಗೂಡಿನ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮಳೆಗಾಲದ ತೇವ, ಮಾಗಿಯ ಮಂಜು, ಎರಡೂ ನಮಗೆ ಉಂಟು.

ತೇವ ಏನು ಮಾಡುತ್ತದೆ?

ತಾಮ್ರದ ಬಿಂದಿಗೆ ಬೆಳಗದೆ ಬಿಟ್ಟರೆ ಕಿಲುಬು ಹಿಡಿಯುತ್ತದೆ. ಪೆಟ್ಟಿಗೆಯ ಒಳಗೂ ತಾಮ್ರ, ಹಿತ್ತಾಳೆ ಇವೆ. ಅವಕ್ಕೂ ಕಿಲುಬು. ಕಬ್ಬಿಣಕ್ಕೆ ತುಕ್ಕು. ಕಿಲುಬು ಹಿಡಿದ ಕಡೆ ಕರೆಂಟು ಸರಿಯಾಗಿ ಹರಿಯದು. ಆ ಜಾಗ ಕಾದು ಸುಡುತ್ತದೆ.

ಮೋಟಾರಿಗೆ ಮೂರು ತಂತಿಯಲ್ಲಿ ಕರೆಂಟು ಹೋಗುತ್ತದೆ. ಮೂರು ಫೇಸು ಅನ್ನುವುದು ಅದಕ್ಕೇ. ನೀರು ತುಂಬಿದ ಹಂಡೆಯನ್ನು ಮೂವರು ಎತ್ತಿದ್ದಾರೆ ಅಂದುಕೊಳ್ಳಿ. ಒಬ್ಬಳು ಕೈ ಬಿಟ್ಟರೆ? ಉಳಿದ ಇಬ್ಬರ ಸೊಂಟ ಮುರಿಯುತ್ತದೆ. ಒಂದು ತಂತಿಯ ಜೋಡಣೆ ಕಿಲುಬಿನಿಂದ ಕೆಟ್ಟರೂ ಹೀಗೇ. ಎರಡೇ ತಂತಿಯಲ್ಲಿ ಮೋಟಾರು ಏದುಸಿರು ಬಿಡುತ್ತದೆ. ಗುಂಯ್ ಎಂದು ಕೂಗುತ್ತದೆ. ಕೊನೆಗೆ ಸುಟ್ಟುಹೋಗುತ್ತದೆ. ನಮ್ಮೂರ ಮೋಟಾರು ಸತ್ತದ್ದು ಹೀಗೆ.

ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. ತೇವಕ್ಕೆ ದೂಳು ಸೇರಿದರೆ ಅದರ ಮೇಲೆ ಕರೆಂಟು ನಡೆದು ಬರುತ್ತದೆ. ಪೆಟ್ಟಿಗೆಯ ಮೈಗೇ ಬರಬಹುದು. ಅರ್ಥಿಂಗ್ ಸರಿ ಇಲ್ಲದಿದ್ದರೆ ಮುಟ್ಟಿದವರಿಗೆ ಶಾಕ್. ಮನೆಯ ಕರೆಂಟು 230 ವೋಲ್ಟ್. ಪಂಪಿನ ಮೂರು ಫೇಸಿನ ಕರೆಂಟು ಸುಮಾರು 400 ವೋಲ್ಟ್. ಎರಡೂ ಜೀವ ತೆಗೆಯಬಲ್ಲವು.

ಹಾಗಾದರೆ ತಂಪು ಬೇಡವೇ?

ಬೇಕು. ಬಿಸಿಯೂ ಶತ್ರುವೇ. 10 ಡಿಗ್ರಿ ಬಿಸಿ ಹೆಚ್ಚಾದರೆ ತಂತಿಯ ಹೊದಿಕೆಯ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ತಂಪು ಮಾಡಬೇಕು. ಆದರೆ ನೀರಿನಿಂದ ಅಲ್ಲ. ನೆರಳಿನಿಂದ, ಗಾಳಿಯಿಂದ.

ಹಳೆಯ ಅಡುಗೆಮನೆ ನೆನಪು ಮಾಡಿಕೊಳ್ಳಿ. ಮೇಲೆ ಗವಾಕ್ಷಿ ಇರುತ್ತಿತ್ತು. ಹೊಗೆ ಮೇಲೆ ಹೋಗುತ್ತಿತ್ತು. ಬಾಗಿಲಿನಿಂದ ಹೊಸ ಗಾಳಿ ಬರುತ್ತಿತ್ತು. ಮಳೆ ನೀರು ಒಳಗೆ ಬಾರದಂತೆ ಗವಾಕ್ಷಿಗೆ ತಲೆಯ ಮೇಲೆ ಹೆಂಚು ಇರುತ್ತಿತ್ತು. ಪಂಪ್‌ಮನೆಗೂ ಹೀಗೇ ಬೇಕು. ಗೋಡೆಯ ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ. ಕಿಂಡಿಗೆ ಜಾಲರಿ. ಜಾಲರಿ ಇಲ್ಲದಿದ್ದರೆ ಹಲ್ಲಿ, ಇರುವೆ, ಇಲಿ ಒಳಗೆ ಬರುತ್ತವೆ. ಮೇಲಿನ ಕಿಂಡಿಗೆ ಮಳೆ ತಡೆಯುವ ತಗಡು.

ಕಾರ್ಖಾನೆಯಲ್ಲಿ ಏನು ಮಾಡುತ್ತಾರೆ?

ನಮ್ಮ ಹೆಣ್ಣುಮಕ್ಕಳು ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುತ್ತಾರೆ. ಅಂಥ ಕಾರ್ಖಾನೆಗಳಲ್ಲಿ ಬೀರುವಿನಷ್ಟು ದೊಡ್ಡ ಕರೆಂಟು ಪೆಟ್ಟಿಗೆಗಳು ಇರುತ್ತವೆ. ಪ್ಯಾನೆಲ್ ಎನ್ನುತ್ತಾರೆ. ಯಂತ್ರಗಳನ್ನು ನಡೆಸುವುದು ಅವೇ. ಒಳಗೆ ತುಂಬಾ ಬಿಸಿ. ಅದಕ್ಕೆ ಫ್ಯಾನು ಇಡುತ್ತಾರೆ. ಕೆಲವಕ್ಕೆ ಪುಟ್ಟ ಎ.ಸಿ.ಯನ್ನೇ ಕೂರಿಸುತ್ತಾರೆ.

ಎ.ಸಿ. ಇದ್ದರೆ ಚೊಂಬಿನ ಪಾಠ ಇನ್ನೂ ಮುಖ್ಯ. ಪ್ಯಾನೆಲ್ ಒಳಗೆ ಐಸಿನಂತೆ ತಣ್ಣಗೆ ಮಾಡಬಾರದು. ಸಾಮಾನ್ಯವಾಗಿ 35 ಡಿಗ್ರಿಗೆ ಇಟ್ಟರೆ ಸಾಕು. ಯಾಕೆ? ಹೊರಗೆ 30 ಡಿಗ್ರಿ ಬಿಸಿ, ಮಳೆಗಾಲದ ಒದ್ದೆ ಗಾಳಿ ಇದೆ ಅಂದುಕೊಳ್ಳಿ. ಆ ಗಾಳಿ ಸುಮಾರು 26 ಡಿಗ್ರಿಗೆ ಇಳಿದ ಕೂಡಲೇ ಬೆವರಲು ಶುರು ಮಾಡುತ್ತದೆ. ಒಳಗಿನ ಸಾಮಾನು 35 ಡಿಗ್ರಿ ಇದ್ದರೆ ಬೆವರುವ ಭಯ ಇಲ್ಲ. 20 ಡಿಗ್ರಿ ಇದ್ದಾಗ ಬಾಗಿಲು ತೆರೆದರೆ ಎಲ್ಲದರ ಮೇಲೂ ಹನಿ ಕೂರುತ್ತದೆ.

ಬಾಗಿಲು ತೆರೆದಿಟ್ಟು ಎ.ಸಿ. ಓಡಿಸಬಾರದು. ಒಳ್ಳೆಯ ಪ್ಯಾನೆಲಿನಲ್ಲಿ ಬಾಗಿಲು ತೆರೆದ ಕೂಡಲೇ ಎ.ಸಿ. ನಿಲ್ಲುವ ಸ್ವಿಚ್ಚು ಇರುತ್ತದೆ. ಎ.ಸಿ.ಯ ಒಳಗೆ ಬರುವ ನೀರು ಹೊರಗೆ ಹೋಗಲು ಸಣ್ಣ ಪೈಪು ಇರುತ್ತದೆ. ಅದು ಮಡಿಚಿಕೊಂಡರೆ, ಕಸ ಕಟ್ಟಿದರೆ, ನೀರು ಪ್ಯಾನೆಲಿಗೇ ಬೀಳುತ್ತದೆ. ನೆಲ ತೊಳೆಯುವ ಹೆಣ್ಣುಮಕ್ಕಳು ಆ ಪೈಪನ್ನು ದಿನವೂ ನೋಡುತ್ತಾರೆ. ಪೈಪಿನ ತುದಿ ಒದ್ದೆ ಇಲ್ಲ, ಪ್ಯಾನೆಲಿನ ಕೆಳಗೆ ನೀರು ನಿಂತಿದೆ ಎಂದು ಅವರು ಹೇಳಿದರೆ ಒಂದು ಯಂತ್ರ ಉಳಿಯುತ್ತದೆ. ಪ್ಯಾನೆಲಿನ ಕಡೆ ಪೈಪು ಹಿಡಿದು ನೀರು ಮಾತ್ರ ಬಿಡಬಾರದು.

ನರಸೀಪುರದಲ್ಲಿ ಸರ್ಕಾರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇದೆ. ನೂಲು ಬಿಚ್ಚಬೇಕಾದರೆ ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸಬೇಕು. ಅಂಥ ಕೆಲಸ ನಡೆಯುವ ಕಡೆ ಹಬೆ ಏಳುತ್ತಲೇ ಇರುತ್ತದೆ. ಅಲ್ಲಿ ಪೆಟ್ಟಿಗೆಯ ಬಾಗಿಲು ಭದ್ರ ಇರಬೇಕು. ಬಾಗಿಲಿನ ಸುತ್ತ ರಬ್ಬರು ಪಟ್ಟಿ ಇರಬೇಕು. ಕುಕ್ಕರಿನ ಮುಚ್ಚಳಕ್ಕೆ ಇರುತ್ತದಲ್ಲ, ಹಾಗೆ. ರಬ್ಬರು ಹಳತಾಗಿ ಬಿರುಕು ಬಿಟ್ಟರೆ ಬದಲಿಸಬೇಕು.

ನಮ್ಮ ಪೆಟ್ಟಿಗೆಗೆ ಏನು ಬೇಕು?

ಇವು ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಮಾಡಿದ್ದಾರೆಯೇ ಎಂದು ದೂರದಿಂದ ನೋಡಿ ಕೇಳುವುದು ನಮ್ಮ ಕೆಲಸ.

1. ಪೆಟ್ಟಿಗೆ ನೆಲದಿಂದ ಎತ್ತರದಲ್ಲಿ ಇರಬೇಕು. ಬಿಸಿಲು, ಮಳೆ ಎರಡೂ ತಾಗಬಾರದು.

2. ತಂತಿಗಳು ಪೆಟ್ಟಿಗೆಯ ಕೆಳಗಿನಿಂದ ಒಳಗೆ ಹೋಗಬೇಕು. ಮೇಲಿನಿಂದ ಹೋದರೆ ಮಳೆ ನೀರು ತಂತಿಯನ್ನೇ ಹಿಡಿದು ಒಳಗೆ ಇಳಿಯುತ್ತದೆ. ತಂತಿ ಒಳಹೋಗುವ ಮೊದಲು ಜೋಕಾಲಿಯಂತೆ ಕೆಳಗೆ ಬಾಗಿರಬೇಕು. ಆಗ ನೀರು ಬಾಗಿದ ಕಡೆ ತೊಟ್ಟಿಕ್ಕಿ ಹೋಗುತ್ತದೆ.

3. ತಂತಿ ಹೋದ ತೂತಿನ ಸುತ್ತ ಸಂದಿ ಇರಬಾರದು. ಖಾಲಿ ತೂತುಗಳನ್ನು ಮುಚ್ಚಿರಬೇಕು.

4. ಬಾಗಿಲು ಮುಚ್ಚಿರಬೇಕು. ಬೀಗ ಇರಬೇಕು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಊರಿಗೆ ತಿಳಿದಿರಬೇಕು.

5. ಮಳೆಗಾಲದಲ್ಲಿ ತೇವ ತಡೆಯಲು ಪೆಟ್ಟಿಗೆಯ ಒಳಗೆ ಸಣ್ಣ ಹೀಟರ್ ಇಡಬಹುದು. ಮೋಟಾರು ನಿಂತಾಗ ಅದು ಒಳಗನ್ನು ಸ್ವಲ್ಪ ಬೆಚ್ಚಗೆ ಇಡುತ್ತದೆ. ಬೆಚ್ಚಗಿದ್ದರೆ ಬೆವರದು.

6. ಅರ್ಥಿಂಗ್ ತಂತಿ ತುಂಡಾಗಿರಬಾರದು.

ಹೊಸ ಪೆಟ್ಟಿಗೆ ತಂದಾಗ ಅದರ ಮೇಲಿನ ಚೀಟಿ ಓದಿ. "ಐಪಿ" ಎಂಬ ಇಂಗ್ಲಿಷಿನ ಎರಡು ಅಕ್ಷರ, ಮುಂದೆ ಎರಡು ಅಂಕಿ ಇರುತ್ತವೆ. ಮೊದಲ ಅಂಕಿ ದೂಳನ್ನು ಎಷ್ಟು ತಡೆಯುತ್ತದೆ ಎಂದು ಹೇಳುತ್ತದೆ. ಎರಡನೆಯದು ನೀರನ್ನು. 55 ಎಂದಿದ್ದರೆ ದೂಳನ್ನೂ ಎರಚುವ ನೀರನ್ನೂ ಚೆನ್ನಾಗಿ ತಡೆಯುತ್ತದೆ. ನೀವು ಅಂಕಿ ಕಲಿತಿದ್ದೀರಿ. ಇದನ್ನು ನೀವೇ ಓದಬಲ್ಲಿರಿ.

ಹೊಳೆ ಉಕ್ಕಿದಾಗ

2018ರಲ್ಲಿ ಕಪಿಲೆ ಉಕ್ಕಿದ್ದು ನೆನಪಿದೆಯೇ? 2019ರಲ್ಲಿ ಮತ್ತೆ ಉಕ್ಕಿತು. ನಂಜನಗೂಡಿನ ಸ್ನಾನಘಟ್ಟ ಮುಳುಗಿತು. ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಗೆ ನೀರು ಬಂದು ಬಸ್ಸು ನಿಂತವು.

ಅಂಥ ಹೊತ್ತಿನಲ್ಲಿ ಹೊಳೆ ದಡದ ಪಂಪ್‌ಮನೆಗೂ ನೀರು ನುಗ್ಗಬಹುದು. ನೀರು ಇಳಿದ ಮೇಲೆ "ಒಣಗಿದೆ, ಹಾಕು ಸ್ವಿಚ್ಚು" ಎನ್ನಬೇಡಿ. ಹೊರಗೆ ಒಣಗಿದ್ದರೂ ಒಳಗೆ ಕೆಸರು, ತೇವ ಇರುತ್ತದೆ. ಎಲೆಕ್ಟ್ರಿಷಿಯನ್ ಬಿಚ್ಚಿ, ಒಣಗಿಸಿ, ಮೆಗ್ಗರ್ ಎಂಬ ಉಪಕರಣದಿಂದ ಪರೀಕ್ಷೆ ಮಾಡಬೇಕು. ಆಮೇಲೆ ಕರೆಂಟು. ಒಂದು ದಿನ ತಡವಾದರೂ ಪರವಾಗಿಲ್ಲ.

ನಾವು ಮಾಡಬಾರದ್ದು

ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ, ಒದ್ದೆ ಬಟ್ಟೆ ಹಾಕಬೇಡಿ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಗುಂಡಿ ಒತ್ತಬೇಡಿ. ಪಂಪ್‌ಮನೆಯ ಒಳಗೆ ಬಟ್ಟೆ ಒಣಹಾಕಬೇಡಿ. ಬಾಗಿಲು ತೆರೆದು ಒರೆಸಲು ಹೋಗಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೈನ್ ಸ್ವಿಚ್ಚು ಆರಿಸಿ. ಅದು ಆಗದಿದ್ದರೆ ಒಣ ನೆಲದ ಮೇಲೆ ನಿಂತು, ಒಣ ಮರದ ಕೋಲಿನಿಂದ ತಂತಿಯನ್ನು ದೂರ ತಳ್ಳಿ. ಆಮೇಲೆ ಆಸ್ಪತ್ರೆಗೆ.

ಯಾರಿಗೆ ಹೇಳಬೇಕು?

ಹಳಬರು ಇಂದಿಗೂ ಕೆ.ಇ.ಬಿ. ಎನ್ನುತ್ತಾರೆ. ಈಗ ನಮ್ಮ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಕಂಬ, ತಂತಿಯ ತೊಂದರೆ ಇದ್ದರೆ ಫೋನಿನಲ್ಲಿ 1912 ಒತ್ತಿ. ಕುಡಿಯುವ ನೀರಿನ ಪಂಪ್‌ಮನೆ ಗ್ರಾಮ ಪಂಚಾಯಿತಿಯ ಜವಾಬ್ದಾರಿ. ಅಲ್ಲಿಗೆ ಅರ್ಜಿ ಕೊಡಬೇಕು.

ನಮ್ಮೂರಿನ ಹೆಂಗಸರು ಹೀಗೆ ಬರೆದರು:

"ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ನಮಸ್ಕಾರ. ನಮ್ಮ ಊರಿನ ಪಂಪ್‌ಮನೆ ಸೋರುತ್ತದೆ. ಸ್ಟಾರ್ಟರ್ ಪೆಟ್ಟಿಗೆಗೆ ನೀರು ಹೋಗುತ್ತದೆ. ಒಬ್ಬರಿಗೆ ಶಾಕ್ ಹೊಡೆದಿದೆ. ಮೋಟಾರು ಸುಟ್ಟು ನಾಲ್ಕು ದಿನ ನೀರು ಇರಲಿಲ್ಲ. ಸೂರು ಸರಿ ಮಾಡಿಸಿ. ಜಾಲರಿ ಇರುವ ಎರಡು ಕಿಂಡಿ ಇಡಿಸಿ. ಅರ್ಥಿಂಗ್ ಹಾಕಿಸಿ. ಪೆಟ್ಟಿಗೆಗೆ ಬೀಗ ಹಾಕಿಸಿ. ಮಳೆಗಾಲಕ್ಕೆ ಮೊದಲು ಮಾಡಿಸಬೇಕೆಂದು ಕೇಳುತ್ತೇವೆ."

ಕೆಳಗೆ ಹನ್ನೊಂದು ಜನರ ಸಹಿ. ಹೆಬ್ಬೆಟ್ಟು ಒಂದೂ ಇರಲಿಲ್ಲ. ಅರ್ಜಿ ಕೊಟ್ಟು, ಸ್ವೀಕೃತಿ ಕೇಳಿ ಪಡೆದರು. ಎರಡು ಸಲ ಹೋಗಿ ವಿಚಾರಿಸಿದರು. ಮೊದಲ ಮಳೆಗೆ ಮುಂಚೆ ಸೂರು ಆಯಿತು, ಕಿಂಡಿ ಆಯಿತು, ಅರ್ಥಿಂಗ್ ಆಯಿತು. ಬೀಗ ಸ್ವಲ್ಪ ತಡವಾಗಿ ಬಂತು.

ಕೊನೆಯ ಮಾತು

ಈ ಕಾವೇರಿ ನರಸೀಪುರ ದಾಟಿ ಮುಂದೆ ಶಿವನಸಮುದ್ರಕ್ಕೆ ಹೋಗುತ್ತಾಳೆ. 1902ರಲ್ಲಿ ಅಲ್ಲಿ ಕರೆಂಟು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ನೀರಿನಿಂದಲೇ ಕರೆಂಟು ಹುಟ್ಟಿತು. ಆದರೆ ಕರೆಂಟು ಇರುವ ಪೆಟ್ಟಿಗೆಗೆ ನೀರು ಬಂದರೆ ಕೇಡು. ಯಾವುದು ಎಲ್ಲಿರಬೇಕೋ ಅಲ್ಲಿರಬೇಕು.

ಆ ಅಜ್ಜಿ ಈಗ ನಮ್ಮ ಕೇಂದ್ರಕ್ಕೆ ಬರುತ್ತಾರೆ. ಕಣ್ಣು ಮಂಜು. ಆದರೂ ಅಕ್ಷರ ಕಲಿತರು. ಮೊನ್ನೆ ಪಂಪ್‌ಮನೆಯ ಮುಂದೆ ನಿಂತು, ಪೆಟ್ಟಿಗೆಯ ಮೇಲಿನ ಕೆಂಪು ಅಕ್ಷರ ಒಂದೊಂದಾಗಿ ಕೂಡಿಸಿ ಓದಿದರು. "ಅ... ಪಾ... ಯ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಇದು ಆಗಲೂ ಇಲ್ಲೇ ಬರೆದಿತ್ತಾ ಟೀಚರಮ್ಮ?"

"ಹೂಂ ಅಜ್ಜಿ. ಆಗಲೂ ಇತ್ತು" ಅಂದೆ.

ನಿಮ್ಮ ಊರಿನ ಪೆಟ್ಟಿಗೆಯ ಮೇಲೆ ಏನು ಬರೆದಿದೆ? ನಾಳೆ ದೂರದಿಂದ ನೋಡಿ ಓದಿಕೊಂಡು ಬನ್ನಿ. ಸೂರು ಸೋರುತ್ತದೆಯೇ? ಬಾಗಿಲು ಮುಚ್ಚಿದೆಯೇ? ತಂತಿ ಎಲ್ಲಿಂದ ಒಳಗೆ ಹೋಗಿದೆ? ಅದನ್ನೂ ನೋಡಿ ಬನ್ನಿ. ನಾಳೆ ಸಂಜೆ ಸ್ಲೇಟು ಮರೆಯಬೇಡಿ. ಎಲ್ಲರೂ ಸೇರಿ ಅರ್ಜಿ ಬರೆಯೋಣ.